ಗುಣವಾಯಿತೆಂದು ಮೈಮರೆಯದಿರಿ

ಹರೆಯದ ಗೃಹಿಣಿಯೊಬ್ಬಳ ಒಂದು ಕಣ್ಣು ಎರಡು ಮೂರು ದಿನಗಳಲ್ಲಿ ಮಂಜಾಗುತ್ತದೆ. ಕಣ್ಣು ಹೊರಳಿಸಿದರೆ ನೋವು. ಕೆಲವು ವಾರಗಳಲ್ಲಿ ನೋಟ ತಾನಾಗಿಯೇ ಮರಳುತ್ತದೆ. "ದೃಷ್ಟಿ ತಗುಲಿತ್ತು, ಕಳೆಯಿತು" ಎಂದು ಮನೆಯವರು ನೆಮ್ಮದಿಗೊಳ್ಳುತ್ತಾರೆ. ಆದರೆ ಇದು ಮಲ್ಟಿಪಲ್ ಸ್ಕ್ಲಿರೋಸಿಸ್ ಎಂಬ ನರರೋಗದ ಮೊದಲ ಸೂಚನೆಯಾಗಿರಲೂಬಹುದು.

ಪಂಪ್‌ಸೆಟ್ಟಿನ ತಂತಿಗೆ ಹೊದಿಕೆಯಿರುವಂತೆ ನಮ್ಮ ನರತಂತುಗಳಿಗೂ ಮೈಲಿನ್ ಎಂಬ ಹೊದಿಕೆಯುಂಟು. ದೇಹವನ್ನು ಕಾಯಬೇಕಾದ ರಕ್ಷಣಾಶಕ್ತಿಯೇ ಮಿದುಳು, ಬೆನ್ನುಹುರಿ ಹಾಗೂ ಕಣ್ಣಿನ ನರದಲ್ಲಿ ಈ ಹೊದಿಕೆಯನ್ನು ಕೆಡಿಸುವುದೇ ಈ ರೋಗ. ಆಗ ನೋಟ ಮಂದವಾಗುವುದು, ಕೈಕಾಲು ಜೋಮು ಹಿಡಿಯುವುದು, ನಡಿಗೆ ತಡವರಿಸುವುದು ಮೊದಲಾದ ಲಕ್ಷಣಗಳು ಒಂದು ದಿನಕ್ಕೂ ಮೀರಿ ಉಳಿಯುತ್ತವೆ. ಸಾಮಾನ್ಯವಾಗಿ 20ರಿಂದ 40 ವರ್ಷದೊಳಗೆ ಆರಂಭವಾಗುವ ಇದು ಸ್ತ್ರೀಯರಲ್ಲಿ ಹೆಚ್ಚು. ನಮ್ಮ ದೇಶದಲ್ಲಿ ಇದು ವಿರಳ. ಅಂಟುರೋಗವಲ್ಲ, ಶಾಪವೂ ಅಲ್ಲ.

ಹೊರಗೆ ಗುಣವಾದಂತೆ ಕಂಡರೂ ಒಳಗಿನ ಹಾನಿ ಮುಂದುವರಿಯಬಹುದು. ಆದುದರಿಂದಲೇ ಆರಂಭದ ಚಿಕಿತ್ಸೆಗೆ ಮಹತ್ವ. ಮೊದಲ ಬಾರಿಗೆ ಲಕ್ಷಣ ಕಂಡು, ಎಂ.ಆರ್.ಐ. ಚಿತ್ರದಲ್ಲಿ ಮಿದುಳಿನ ಕಲೆಗಳಿದ್ದ 383 ಮಂದಿಯ ಮೇಲೆ ಅಮೆರಿಕ ಮತ್ತು ಕೆನಡಾಗಳಲ್ಲಿ ನಡೆದ ಅಧ್ಯಯನವೊಂದು 2000ದಲ್ಲಿ ಪ್ರಕಟವಾಯಿತು. 3 ವರ್ಷಗಳೊಳಗೆ ರೋಗ ಖಚಿತವಾಗುವ ಸಂಭವವು ಔಷಧ ಪಡೆಯದವರಲ್ಲಿ ನೂರಕ್ಕೆ 50ರಷ್ಟಿದ್ದರೆ, ವಾರಕ್ಕೊಮ್ಮೆ ಇಂಟರ್‌ಫೆರಾನ್ ಬೀಟಾ ಚುಚ್ಚುಮದ್ದು ಪಡೆದವರಲ್ಲಿ 35ರಷ್ಟಿತ್ತು. ಅನಂತರ ಇನ್ನೂ ಪ್ರಬಲವಾದ ಔಷಧಗಳು ಬಂದಿವೆ. ಇವು ರೋಗವನ್ನು ಬೇರುಸಹಿತ ಕೀಳಲಾರವು. ಆದರೆ ಮುಂದಿನ ಬಾಧೆಯನ್ನು ದೂರ ತಳ್ಳಿ, ದುಡಿಯುವ ವರ್ಷಗಳನ್ನು ಉಳಿಸಿಕೊಡಬಲ್ಲವು.

ಈ ರೋಗವುಳ್ಳವಳು ತಾಯಿಯಾಗಬಾರದೆಂಬುದು ತಪ್ಪು ತಿಳಿವಳಿಕೆ. ಆದರೆ ಟೆರಿಫ್ಲುನೊಮೈಡ್‌ನಂತಹ ಮಾತ್ರೆ ಸೇವಿಸುತ್ತಿರುವಾಗ ಗರ್ಭ ಧರಿಸಕೂಡದು. ಆದಕಾರಣ ಔಷಧ ಆರಂಭಿಸುವ ಮುನ್ನವೇ ಮಗುವನ್ನು ಪಡೆಯುವ ಇಚ್ಛೆಯನ್ನು ದಂಪತಿಗಳಿಬ್ಬರೂ ವೈದ್ಯರಿಗೆ ಸಂಕೋಚವಿಲ್ಲದೆ ತಿಳಿಸಬೇಕು. ಗರ್ಭಿಣಿಯಾಗಿದ್ದಾಗ ಬಾಧೆ ಸಾಮಾನ್ಯವಾಗಿ ತಗ್ಗುತ್ತದೆ. ಹೆರಿಗೆಯಾದ ಮೊದಲ 3 ತಿಂಗಳಲ್ಲಿ ಹೆಚ್ಚಬಹುದು. ಆಗ ವಿಶೇಷ ಎಚ್ಚರಿಕೆ ಅಗತ್ಯ.

ಕಣ್ಣು ಮಂಜಾದುದೆಲ್ಲವೂ ಈ ರೋಗವಲ್ಲ, ಹೆದರಬೇಕಾಗಿಲ್ಲ. ಆದರೆ ಇಂತಹ ಲಕ್ಷಣ ಕಂಡ ಕೂಡಲೇ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರನ್ನು ಕಾಣಿರಿ. ತಾನಾಗಿಯೇ ವಾಸಿಯಾಗಿದ್ದರೂ ಆ ಸಂಗತಿಯನ್ನು ಮರೆಮಾಚದಿರಿ. ಅಗತ್ಯವಿದ್ದರೆ ಅವರು ಬೆಂಗಳೂರಿನ ನಿಮ್ಹಾನ್ಸ್‌ನಂತಹ, ನರರೋಗ ತಜ್ಞರಿರುವ ಆಸ್ಪತ್ರೆಗೆ ಕಳುಹಿಸುವರು. ಅಲ್ಲಿಗೆ ಹೆಂಡತಿಯನ್ನು ಒಬ್ಬಳನ್ನೇ ಕಳುಹಿಸದೆ ಗಂಡನೂ ಜೊತೆಗೆ ಹೋಗಲಿ. ಚಿಕಿತ್ಸೆಯ ನಿರ್ಧಾರ ಇಬ್ಬರ ಬಾಳಿಗೂ ಸಂಬಂಧಿಸಿದ್ದು.