ಮಳೆಗಾಲದ ತಾಲೀಮು, ಮೊಣಕಾಲಿನ ಪಂಚಾಂಗ

ಸೊಲ್ಲಾಪುರ ಮತ್ತು ಅಕ್ಕಲಕೋಟೆಯ ಸೀಮೆಯಲ್ಲಿ ಕುಸ್ತಿಯ ವರ್ಷವನ್ನು ಅಳೆಯುವುದು ಜಾತ್ರೆಗಳು. ದೀಪಾವಳಿಯ ನಂತರ ಹಳ್ಳಿ ಹಳ್ಳಿಗಳ ಕುಸ್ತಿ ಮೈದಾನಗಳು ಕಳೆಗಟ್ಟುತ್ತವೆ. ಸಂಕ್ರಾಂತಿಯ ಸಿದ್ಧರಾಮೇಶ್ವರ ಜಾತ್ರೆಯ ದಿನಗಳನ್ನು ದಾಟಿ ಯುಗಾದಿಯ ಆಚೆಗೂ ಸಾಗುವ ಈ ಹಂಗಾಮು ಮೃಗಶಿರಾ ಮಳೆಯೊಂದಿಗೆ ಬಹುಮಟ್ಟಿಗೆ ನಿಲ್ಲುತ್ತದೆ. ಅಲ್ಲಿಂದ ಮುಂದಿನ ನಾಲ್ಕು ತಿಂಗಳು ಪೈಲವಾನನ ಬದುಕು ತಾಲೀಮಿನೊಳಗೆ, ಅಂದರೆ ಮೈಸೂರು ಕಡೆಯವರು ಗರಡಿಮನೆ ಎಂದು ಕರೆಯುವ ವ್ಯಾಯಾಮಶಾಲೆಯಲ್ಲಿ ನಡೆಯುತ್ತದೆ. ಹಂಗಾಮಿನಲ್ಲಿ ಆದ ಪೆಟ್ಟು ಮಾಯಬೇಕಾದದ್ದೂ ಈ ಬಿಡುವಿನಲ್ಲಿಯೇ ಎಂಬುದು ಹಳೆಯ ನಂಬಿಕೆ. ಆದರೆ ಮೊಣಕಾಲಿನ ಪೆಟ್ಟು ಈ ಪಂಚಾಂಗಕ್ಕೆ ಒಗ್ಗುವುದಿಲ್ಲ.

ಎಣ್ಣೆ, ಮಜ್ಜಿಗೆ, ಅರಿಶಿಣ ಬೆರೆಸಿ ಹದಗೊಳಿಸಿದ ಕೆಂಪು ಮಣ್ಣು ಬಿದ್ದವನ ಬೆನ್ನನ್ನು ಕಾಯುತ್ತದೆಯಾದರೂ, ಪಾದ ಅದರಲ್ಲಿ ಹೂತು ನಿಂತಿರುವಾಗ ಎದುರಾಳಿ ಮೈಯನ್ನು ತಿರುಗಿಸಿದರೆ ಆ ತಿರುಚುವಿಕೆಯ ಭಾರವೆಲ್ಲ ಮೊಣಕಾಲಿಗೇ ಬೀಳುತ್ತದೆ. ಆಗ ಹರಿಯುವುದು ಹೆಚ್ಚಾಗಿ ವೈದ್ಯರು ಎಸಿಎಲ್ ಎನ್ನುವ ಅಸ್ಥಿರಜ್ಜು. ತೊಡೆಯ ಮೂಳೆಯನ್ನೂ ಕಣಕಾಲಿನ ಮೂಳೆಯನ್ನೂ ಕೀಲಿನೊಳಗೆ ಓರೆಯಾಗಿ ಬಿಗಿದು, ಕೆಳಗಿನ ಮೂಳೆ ಮುಂದಕ್ಕೆ ಜಾರದಂತೆ ತಡೆಯುವ ಗಟ್ಟಿ ಪಟ್ಟಿ ಅದು. ಪೂರ್ತಿ ಹರಿದರೆ ಸಾಮಾನ್ಯವಾಗಿ ತಾನಾಗಿ ಕೂಡಿಕೊಳ್ಳುವುದಿಲ್ಲವಾದ್ದರಿಂದ, ರೋಗಿಯ ದೇಹದಿಂದಲೇ ತೆಗೆದ ಸ್ನಾಯುರಜ್ಜುವಿನ ತುಂಡನ್ನು ಆ ಜಾಗದಲ್ಲಿ ಕಸಿ ಮಾಡಲಾಗುತ್ತದೆ.

ಕಸಿಯ ಗುಣವನ್ನು ತಾಲೀಮುಗಳು ತಿಳಿದುಕೊಳ್ಳುವುದು ಬಹಳ ಅಗತ್ಯ. ಹೊಸ ಜಾಗದಲ್ಲಿ ರಕ್ತನಾಳಗಳು ಬೆಳೆದು ಅದು ಜೀವ ಹಿಡಿಯುವ ಮೊದಲ ಕೆಲವು ತಿಂಗಳಲ್ಲಿ ಅದರ ಬಲ ಹೆಚ್ಚುವ ಬದಲು ಕುಗ್ಗುತ್ತದೆ. ಆದರೆ ಅದೇ ಹೊತ್ತಿಗೆ ನೋವು ಇಳಿದು, ಬಾವು ಬತ್ತಿ, ಪೈಲವಾನನಿಗೆ ಕಾಲು ಸರಿಹೋಯಿತೆಂದೇ ಅನ್ನಿಸತೊಡಗುತ್ತದೆ. ನೋವಿಲ್ಲದ ಕಾಲು ಮತ್ತು ಗಟ್ಟಿಯಾದ ಕಾಲು ಒಂದೇ ಅಲ್ಲ. ಇನ್ನೊಂದು ತೊಡಕೂ ಇದೆ: ಕೀಲಿನಲ್ಲಿ ಬಾವು ಇರುವವರೆಗೆ ನರಮಂಡಲವು ತೊಡೆಯ ಮುಂಭಾಗದ ಸ್ನಾಯುವಿಗೆ ಪೂರ್ತಿ ಆಜ್ಞೆಯನ್ನು ಕಳುಹಿಸುವುದಿಲ್ಲ, ಆದ್ದರಿಂದ ದಿನಕ್ಕೆ ಸಾವಿರ ಬೈಠಕ್ ಹೊಡೆದ ತೊಡೆಯೂ ಕೆಲವೇ ವಾರಗಳಲ್ಲಿ ಸೊರಗುತ್ತದೆ. ಊದಿದ ಕೀಲನ್ನು ಬಿಸಿ ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿಸುವ ರೂಢಿ ಇಲ್ಲಿ ಹಾನಿಯನ್ನೇ ಮಾಡುತ್ತದೆ. ಅದೇ ಕೈಗಳು ದಣಿದ ಬೆನ್ನಿಗೆ ಕೊಡುವ ಆರಾಮವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ.

ಕಸಿಯಾದ ಒಂಬತ್ತು ತಿಂಗಳೊಳಗೆ ಕಣಕ್ಕಿಳಿದವರಲ್ಲಿ ಮರುಪೆಟ್ಟಿನ ಅಪಾಯ ಹೆಚ್ಚೆಂದೂ, ಪೆಟ್ಟಾದ ಕಾಲಿನ ಬಲವು ಇನ್ನೊಂದು ಕಾಲಿನ ಬಲದ ಶೇ. 90ನ್ನಾದರೂ ಮುಟ್ಟಿರಬೇಕೆಂದೂ ಕ್ರೀಡಾವೈದ್ಯರು ಹೇಳುತ್ತಾರೆ. ವಿನೇಶ್ ಫೋಗಟ್ 2023ರ ಆಗಸ್ಟ್‌ನಲ್ಲಿ ಮುಂಬಯಿಯಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2024ರ ಮಾರ್ಚ್‌ನಲ್ಲಿಯೇ ಆಯ್ಕೆಯ ಕುಸ್ತಿಗೆ ಇಳಿದದ್ದುಂಟು. ಆದರೆ ಅವರ ಬೆನ್ನಿಗಿದ್ದಂತಹ ನುರಿತ ಆರೈಕೆ ಹಳ್ಳಿಯ ತಾಲೀಮಿನ ಹುಡುಗನಿಗೆ ಸುಲಭವಾಗಿ ಸಿಗದು. 1952ರ ಹೆಲ್ಸಿಂಕಿಯಲ್ಲಿ ಸ್ವತಂತ್ರ ಭಾರತಕ್ಕೆ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ತಂದ ಕರಾಡದ ಖಾಶಾಬಾ ಜಾಧವರ 1956ರ ಆಸೆಯನ್ನು ಮುರಿದದ್ದೂ ಮೊಣಕಾಲೇ.

ಆತುರಕ್ಕೆ ಅಜ್ಞಾನವೊಂದೇ ಕಾರಣವೆನ್ನುವುದು ಅನ್ಯಾಯ. ಹಾಲು, ಬಾದಾಮಿ, ತುಪ್ಪಗಳ ಖುರಾಕಿನ ಖರ್ಚು ಬಿಡುವಿನ ತಿಂಗಳುಗಳಲ್ಲೂ ನಿಲ್ಲುವುದಿಲ್ಲ, ಅದನ್ನು ತುಂಬಿಕೊಡುವ ಇನಾಮು ಮಾತ್ರ ಜಾತ್ರೆಯಲ್ಲಷ್ಟೇ ಸಿಗುತ್ತದೆ. ರೈತನ ಅಥವಾ ಮಗ್ಗದ ಕಾರ್ಮಿಕನ ಮನೆಯಿಂದ ಬಂದವನಿಗೆ ಒಂದು ಹಂಗಾಮು ತಪ್ಪುವುದೆಂದರೆ ಒಂದು ಬೆಳೆ ಹೋದಂತೆ. ಇಲ್ಲಿ ವಸ್ತಾದರ, ಅಂದರೆ ತಾಲೀಮಿನ ಗುರುಗಳ, ಮಾತಿಗೆ ವೈದ್ಯರ ಚೀಟಿಗಿಂತ ಹೆಚ್ಚು ತೂಕವಿದೆ. ಪೆಟ್ಟಾದವನನ್ನು ಮನೆಗೆ ಕಳುಹಿಸದೆ, ತಜ್ಞರು ಒಪ್ಪಿದ ಕಾಲಿನ ವ್ಯಾಯಾಮದ ಜೊತೆಗೆ ಕುಳಿತು ಮಾಡುವ ತೋಳು ಹೆಗಲಿನ ಕಸರತ್ತು ಕೊಟ್ಟು, ಕಿರಿಯರ ಜೋರಿನಲ್ಲಿ, ಎಂದರೆ ಜೊತೆಗಾರರ ಅಭ್ಯಾಸದ ಕುಸ್ತಿಯಲ್ಲಿ, ಪಟ್ಟುಗಳನ್ನು ತಿದ್ದುವ ಹೊಣೆ ಒಪ್ಪಿಸಿದರೆ ಅವನು ತಾಲೀಮಿನವನಾಗಿಯೇ ಉಳಿಯುತ್ತಾನೆ.

ಜ್ಯೇಷ್ಠದಲ್ಲಿ ಶಸ್ತ್ರಚಿಕಿತ್ಸೆಯಾದವನಿಗೆ ಒಂಬತ್ತು ತಿಂಗಳು ತುಂಬುವುದು ಫಾಲ್ಗುಣದಲ್ಲಿ. ದೀಪಾವಳಿಯ ಮೈದಾನಗಳೂ ಸಂಕ್ರಾಂತಿಯ ಮೈದಾನಗಳೂ ಅಷ್ಟರಲ್ಲಿ ಮುಗಿದಿರುತ್ತವೆ. ಕಾಲಿನ ಬಲ ಪರೀಕ್ಷೆಯಲ್ಲಿ ಸರಿಬಂದರೆ, ಚೈತ್ರದ ಊರ ಜಾತ್ರೆಗಳು ಇನ್ನೂ ಉಳಿದಿರುತ್ತವೆ.