ರೋಗಾಣುಗಳೂ ಸಕ್ಕರೆಯೂ

ನಮ್ಮ ಕೊಯಮತ್ತೂರು, ತಿರುಪ್ಪೂರು ಪ್ರಾಂತದ ಮಕ್ಕಳಿಗೆ ನೂಲಿನ ಗಿರಣಿ ಅಪರಿಚಿತವಲ್ಲ. ಹತ್ತಿಯು ಒಂದು ಯಂತ್ರದಿಂದ ಮತ್ತೊಂದಕ್ಕೆ ಸಾಗಿ ಕಡೆಗೆ ನೂಲಾಗಿ ಹೊರಬರುತ್ತದೆ. ನಡುವಣ ಯಂತ್ರವೊಂದು ನಿಂತುಹೋದರೆ ಅದರ ಈಚೆಗೆ ಸರಕು ರಾಶಿಬೀಳುವುದು; ಆಚೆಗಿನ ಯಂತ್ರಗಳು ಕೆಲಸವಿಲ್ಲದೆ ನಿಲ್ಲುವುವು. ಆ ಯಂತ್ರದ ಕೆಲಸವೇನೆಂಬುದು ಅದು ನಿಂತಾಗಲೇ ಎಲ್ಲರಿಗೂ ತಿಳಿಯುವುದು. ಕಣ್ಣಿಗೆ ಕಾಣದ ಬ್ಯಾಕ್ಟೀರಿಯಗಳ ಒಳಗಿನ ವ್ಯಾಪಾರವನ್ನು ವಿಜ್ಞಾನಿಗಳು ಅರಿತಿರುವುದೂ ಬಹುಮಟ್ಟಿಗೆ ಇದೇ ಉಪಾಯದಿಂದ.

ಬ್ಯಾಕ್ಟೀರಿಯವು ಒಂದೇ ಜೀವಕೋಶದ ಜೀವಿ. ಅದಕ್ಕೂ ಆಹಾರ ಬೇಕು. ಸಕ್ಕರೆಯು ಅದಕ್ಕೆ ಒಳ್ಳೆಯ ಆಹಾರ. ಸಕ್ಕರೆಯೆಂದರೆ ಕಬ್ಬಿನ ಸಕ್ಕರೆಯೊಂದೇ ಅಲ್ಲ. ದ್ರಾಕ್ಷಿಯಲ್ಲಿ ಗ್ಲೂಕೋಸ್ ಉಂಟು. ಹಾಲಿನಲ್ಲಿ ಲ್ಯಾಕ್ಟೋಸ್ ಉಂಟು. ವಿಲ್ಲೋ ಎಂಬ ಮರದ ತೊಗಟೆಯಲ್ಲಿ ಸ್ಯಾಲಿಸಿನ್ ಎಂಬ ಕಹಿಯಾದ ವಸ್ತುವುಂಟು. ಅದರೊಳಗೂ ಗ್ಲೂಕೋಸ್ ಅಡಗಿದೆ. ಅದನ್ನು ಉಣ್ಣಬೇಕಾದರೆ ಬ್ಯಾಕ್ಟೀರಿಯಕ್ಕೆ ಎರಡು ಸಾಧನಗಳು ಅವಶ್ಯ. ಒಂದು, ಅದನ್ನು ಒಳಕ್ಕೆ ಬಿಟ್ಟುಕೊಳ್ಳುವ ಬಾಗಿಲು. ಇನ್ನೊಂದು, ಅದನ್ನು ತುಂಡರಿಸುವ ಕತ್ತರಿ, ಅಂದರೆ ಕಿಣ್ವ. ಇವೆರಡನ್ನೂ ನಿರ್ಮಿಸುವ ಕ್ರಮವು ಜೀನುಗಳಲ್ಲಿ ಬರೆದಿದೆ. ಜೀನಿನಲ್ಲಿ ತಾನಾಗಿ ಒದಗುವ ಬದಲಾವಣೆಗೆ ಉತ್ಪರಿವರ್ತನೆ ಎಂದು ಹೆಸರು.

ಬ್ಯಾಕ್ಟೀರಿಯವು ಸಕ್ಕರೆಯನ್ನು ಉಂಡಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಹಾಲು ಮೊಸರಾಗುವಾಗ ಹುಳಿಯಾಗುವುದನ್ನು ನೀವು ಬಲ್ಲಿರಿ. ಅಲ್ಲಿಯೂ ಬ್ಯಾಕ್ಟೀರಿಯಗಳು ಹಾಲಿನ ಸಕ್ಕರೆಯನ್ನು ಆಮ್ಲವಾಗಿ ಮಾರ್ಪಡಿಸುತ್ತವೆ. ಪ್ರಯೋಗಶಾಲೆಯಲ್ಲಿ, ಗಟ್ಟಿಯಾದ ಲೋಳೆಯಂತಹ ಆಹಾರದಲ್ಲಿ ಒಂದು ಸಕ್ಕರೆಯನ್ನೂ ಆಮ್ಲ ತಾಗಿದರೆ ಕೆಂಪಾಗುವ ಬಣ್ಣವನ್ನೂ ಬೆರೆಸಿ ತಟ್ಟೆಯಲ್ಲಿ ಹರಡುತ್ತಾರೆ. ಸಕ್ಕರೆಯನ್ನು ಉಂಡ ಬ್ಯಾಕ್ಟೀರಿಯಗಳ ಗುಂಪು ಕೆಂಪಾಗುವುದು. ಉಣ್ಣಲಾರದ ಗುಂಪು ಬಿಳಿಚಿಕೊಂಡೇ ಇರುವುದು. ಲ್ಯಾಕ್ಟೋಸನ್ನು ಉಣ್ಣಲಾರದ ಟೈಫಾಯಿಡ್ ರೋಗಾಣುವನ್ನು ಬೇರೆಯಾಗಿ ಗುರುತಿಸಲು ಈ ಪರೀಕ್ಷೆ ಇಂದಿಗೂ ನೆರವಾಗುತ್ತದೆ.

1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕ ಎಸ್. ಮಹದೇವನ್ ಅವರೂ ಅವರ ಶಿಷ್ಯರೂ ಸ್ಯಾಲಿಸಿನ್ ವಿಷಯವಾಗಿ ದೀರ್ಘಕಾಲ ಸಂಶೋಧನೆ ನಡೆಸಿದರು. ನಮ್ಮೆಲ್ಲರ ಕರುಳಿನಲ್ಲಿ ವಾಸಿಸುವ ಇ. ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ ಸ್ಯಾಲಿಸಿನ್ನಿಗೆ ಬೇಕಾದ ಬಾಗಿಲು, ಕತ್ತರಿ ಎರಡರ ಜೀನುಗಳೂ ಉಂಟು. ಆದರೆ ಅವು ನಿದ್ರಿಸುತ್ತಿರುತ್ತವೆ. ಸ್ಯಾಲಿಸಿನ್ ಬೆರೆಸಿದ ತಟ್ಟೆಯಲ್ಲಿ ಕೆಲವು ದಿನ ಬಿಟ್ಟರೆ ಬಿಳಿಚಿದ ಗುಂಪಿನ ಮೇಲೆ ಅಲ್ಲಲ್ಲಿ ಕೆಂಪು ಚುಕ್ಕೆಗಳು ಏಳುವುವು. ಅಪಾರ ಸಂಖ್ಯೆಯ ಕೋಶಗಳಲ್ಲಿ ಎಲ್ಲೋ ಒಂದೆರಡರಲ್ಲಿ ಉತ್ಪರಿವರ್ತನೆಯಾಗಿ ಆ ಜೀನುಗಳು ಎಚ್ಚೆತ್ತಿವೆ ಎಂಬುದಕ್ಕೆ ಇದೇ ಸಾಕ್ಷಿ.

ಇ. ಕೋಲೈಗೆ ಹತ್ತಿರದ ಬಂಧುವಾದ ಶಿಗೆಲ್ಲ ಸೊನ್ನೆಯಿ ಎಂಬುದು ಆಮಶಂಕೆಯನ್ನುಂಟುಮಾಡುವ ರೋಗಾಣು. ಕಲುಷಿತವಾದ ಆಹಾರ, ನೀರು, ತೊಳೆಯದ ಕೈ, ನೊಣ ಇವುಗಳ ಮೂಲಕ ಅದು ಹರಡುವುದು. ನೂರಕ್ಕಿಂತ ಕಡಿಮೆ ರೋಗಾಣುಗಳು ಹೊಟ್ಟೆ ಸೇರಿದರೂ ರೋಗ ಬರಬಹುದು. ಇದರಲ್ಲಿ ಕತ್ತರಿಯ ಜೀನು ನಿದ್ರಿಸುತ್ತಿರುವುದು ಮಾತ್ರವಲ್ಲ, ನಡುವೆ ಬೇರೊಂದು ತುಣುಕು ಸೇರಿಕೊಂಡು ಮುರಿದೇ ಹೋಗಿದೆ. ಹಾಗಾದರೆ ಇದು ಸ್ಯಾಲಿಸಿನ್ನನ್ನು ಎಂದಿಗೂ ಉಣ್ಣಲಾರದೆ? ಉಣ್ಣಬಲ್ಲುದೆಂದು ಬೆಂಗಳೂರಿನವರು 2010ರಲ್ಲಿ ಪ್ರಕಟಿಸಿದರು. ಅದಕ್ಕೆ ಒಂದಲ್ಲ, ಎರಡು ಉತ್ಪರಿವರ್ತನೆಗಳು ಬೇಕು. ಒಂದರಿಂದ ಬಾಗಿಲಿನ ಜೀನು ಎಚ್ಚರಗೊಳ್ಳುವುದು; ಇನ್ನೊಂದರಿಂದ, ಬೇರೆಡೆಯಲ್ಲಿ ಸುಮ್ಮನಿದ್ದ ಮತ್ತೊಂದು ಕತ್ತರಿಯ ಜೀನು ಕೆಲಸಕ್ಕೆ ತೊಡಗುವುದು. ಮುರಿದ ಜೀನನ್ನು ಹಿಂಬಾಲಿಸಿ ಹೋದುದರಿಂದ, ಅಲ್ಲಿಯವರೆಗೆ ಮರೆಯಲ್ಲಿದ್ದ ಜೀನಿನ ಕೆಲಸವೂ ಬೆಳಕಿಗೆ ಬಂದಿತು.

ಇದರಿಂದ ನಮಗೇನು ಪ್ರಯೋಜನವೆಂದು ಪೋಷಕರು ಕೇಳಬಹುದು. ಒಂದು ದಾರಿ ಮುಚ್ಚಿದರೆ ಮತ್ತೊಂದು ದಾರಿಯಿಂದ ಬದುಕಬಲ್ಲ ಕೆಲವು ರೋಗಾಣುಗಳು ಗುಂಪಿನಲ್ಲಿ ಇರುತ್ತವೆ ಎಂಬುದೇ ಇಲ್ಲಿನ ಪಾಠ. ಔಷಧಿಯ ವಿಷಯದಲ್ಲಿಯೂ ಹೀಗೆಯೇ. ಉತ್ಪರಿವರ್ತನೆಯಿಂದಲೋ, ಇತರ ಬ್ಯಾಕ್ಟೀರಿಯಗಳಿಂದ ಪಡೆದ ಜೀನುಗಳಿಂದಲೋ ಔಷಧಿಗೆ ಬಗ್ಗದಂತಾದ ಕೆಲವು, ಮಿಕ್ಕವೆಲ್ಲ ಸತ್ತ ಮೇಲೆ ಉಳಿದು ಬೆಳೆಯುತ್ತವೆ. ಹಲವು ಔಷಧಿಗಳಿಗೆ ಬಗ್ಗದ ಶಿಗೆಲ್ಲಗಳು ಈಗ ಲೋಕದ ಅನೇಕ ದೇಶಗಳಲ್ಲಿ ಕಂಡುಬಂದಿವೆ. ಆದುದರಿಂದ ಮಗುವಿಗೆ ಭೇದಿಯಾದಾಗ ಮನೆಯಲ್ಲಿ ಉಳಿದ ಮಾತ್ರೆಯನ್ನು ನಾವೇ ಕೊಡುವುದು ತರವಲ್ಲ. ವೈದ್ಯರನ್ನು ಕೇಳಬೇಕು, ಅವರು ಹೇಳಿದ ಕ್ರಮದಲ್ಲಿಯೇ ಔಷಧಿಯನ್ನು ಕೊಡಬೇಕು. ಉಣ್ಣುವ ಮುನ್ನವೂ ಶೌಚದ ನಂತರವೂ ಸಾಬೂನಿನಿಂದ ಕೈ ತೊಳೆಯುವುದಕ್ಕೆ ಯಾವ ರೋಗಾಣುವೂ ಸುಲಭವಾಗಿ ಪರಿಹಾರ ಕಂಡುಕೊಳ್ಳಲಾರದು.

ವಿದ್ಯಾರ್ಥಿಗಳಿಗೂ ಒಂದು ಮಾತು. ತಪ್ಪಿದ ಲೆಕ್ಕವನ್ನು ಅಳಿಸಿಹಾಕುವ ಮೊದಲು ಯಾವ ಮೆಟ್ಟಿಲಿನಲ್ಲಿ ತಪ್ಪಿತೆಂದು ನೋಡಿರಿ. ಮುರಿದ ಜೀನು ವಿಜ್ಞಾನಿಗೆ ಕಲಿಸಿದಂತೆ ಅದೂ ನಿಮಗೆ ಕಲಿಸುವುದು.