ಹುಣಸೆ ಸೀಮೆಗೆ ಬಂದ ದ್ರಾಕ್ಷಿ

ಕೂಡ್ಲಿಗಿ ಸೀಮೆಯ ಗುಡೇಕೋಟೆಯ ಗುಡ್ಡಗಳಲ್ಲಿ ಹಣ್ಣಿಗೆ ಬರವಿಲ್ಲ. ಸೀತಾಫಲ, ಕವಳೆ, ಕಾರೆ, ಬಾರೆ ಎಲ್ಲವೂ ಇವೆ. ಮೊದಲ ಪಾಲು ಮಾತ್ರ ಅಲ್ಲಿನ ಕರಡಿಧಾಮದ ಕರಡಿಗಳದ್ದು. ಊರವರಿಗೆ ಹುಣಸೆ ಇದೆ. ದ್ರಾಕ್ಷಿ ಹೊರಗಿನಿಂದಲೇ ಬರಬೇಕು. ವಿಜಯಪುರ, ಬಾಗಲಕೋಟೆ ಕಡೆ ಅಕ್ಟೋಬರ್ ಸುಮಾರಿಗೆ ಚಾಟನಿ ಮಾಡಿದ (ಸವರಿದ) ಬಳ್ಳಿ ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಹಣ್ಣು ಕೊಡುತ್ತದೆ. ಕೂಡ್ಲಿಗಿ ಸೀಮೆಯಲ್ಲಿ ಹುಣಸೆ ಬಡಿದು, ಕುಟ್ಟಿ, ಬೀಜ ತೆಗೆಯುವ ಕಾಲವೂ ಅದೇ. ಈ ಎರಡು ಹಣ್ಣುಗಳಿಗೂ ಒಳಸಂಬಂಧವಿದೆ. ನಿಂಬೆ, ಕಿತ್ತಳೆಗೆ ಹುಳಿ ಬರುವುದು ಸಿಟ್ರಿಕ್ ಆಮ್ಲದಿಂದ. ಹುಣಸೆಗೂ ದ್ರಾಕ್ಷಿಗೂ ಮುಖ್ಯವಾಗಿ ಟಾರ್ಟಾರಿಕ್ ಆಮ್ಲದಿಂದ.

ದ್ರಾಕ್ಷಿಯ ಗುಣಗಾನದಲ್ಲಿ ನಂಬುವಂಥದ್ದೆಷ್ಟು? 100 ಗ್ರಾಂ ಹಣ್ಣಿನಲ್ಲಿ 80 ಗ್ರಾಂ ನೀರು, ಸುಮಾರು 16 ಗ್ರಾಂ ಸಕ್ಕರೆ, 190 ಮಿಲಿಗ್ರಾಂ ಪೊಟ್ಯಾಸಿಯಂ. ನಾರು ಒಂದು ಗ್ರಾಂ ಕೂಡ ಇಲ್ಲ. ಸಿ ವಿಟಮಿನ್ ಬೇಕೆಂದರೆ ಪೇರಲ, ನೆಲ್ಲಿಕಾಯಿಯ ಮುಂದೆ ಇದು ಏನೂ ಅಲ್ಲ. ದ್ರಾಕ್ಷಿಯ ಬಂಡವಾಳ ಇರುವುದು ಸಿಪ್ಪೆಯಲ್ಲಿ, ಬೀಜದಲ್ಲಿ. ಕಪ್ಪು ಹಣ್ಣಿಗೆ ಬಣ್ಣ ಕೊಡುವ ಆಂಥೋಸಯನಿನ್‌ನಂಥ ಪಾಲಿಫಿನಾಲ್‌ಗಳು ರಕ್ತನಾಳಗಳಿಗೆ ಒಳ್ಳೆಯದು ಎನ್ನುವುದಕ್ಕೆ ಸಣ್ಣಪುಟ್ಟ ಪ್ರಯೋಗಗಳ ಆಧಾರವಿದೆ. ಹಾಗಾಗಿ ಬೀಜವಿಲ್ಲದ ಹಸಿರು ದ್ರಾಕ್ಷಿಗಿಂತ, ದಪ್ಪ ಸಿಪ್ಪೆಯ ‘ಬೆಂಗಳೂರು ನೀಲಿ’ಗೇ ನನ್ನ ಓಟು. 2013ರಲ್ಲಿ ಭೌಗೋಳಿಕ ಸೂಚಕ ಪಡೆದ ತಳಿ ಅದು. ಸಿಪ್ಪೆ ಉಗುಳುವವರಿಗೆ ಉಳಿಯುವುದು ಸಕ್ಕರೆ ನೀರಷ್ಟೆ. ಆಯುಷ್ಯ ಹೆಚ್ಚಿಸುತ್ತದೆಂದು ಹೆಸರಾದ ರೆಸ್ವೆರಾಟ್ರಾಲ್ ಕೆಜಿ ಹಣ್ಣಿನಲ್ಲಿ ಸಿಗುವುದು ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಮಿಲಿಗ್ರಾಂ ಕೊಡುತ್ತಾರೆ. ಆ ಆಸೆಗೆ ದ್ರಾಕ್ಷಿ ಕೊಳ್ಳಬೇಕಿಲ್ಲ.

ರಕ್ತ ಕಡಿಮೆ ಇದ್ದವರಿಗೆ ನೆನೆಸಿದ ಒಣದ್ರಾಕ್ಷಿ ಕೊಡುವ ವಾಡಿಕೆ ಮನೆಮನೆಯಲ್ಲೂ ಇದೆ. 100 ಗ್ರಾಂ ತಿಂದರೂ ಸಿಗುವ ಕಬ್ಬಿಣ ಕೆಲವೇ ಮಿಲಿಗ್ರಾಂ, ಸಕ್ಕರೆ ಮಾತ್ರ ಸುಮಾರು 60 ಗ್ರಾಂ ಹೊಟ್ಟೆ ಸೇರುತ್ತದೆ. ರಕ್ತಹೀನತೆಗೆ ಆಸ್ಪತ್ರೆಯ ಕಬ್ಬಿಣದ ಮಾತ್ರೆಯನ್ನು ಬಿಡುವಂತಿಲ್ಲ. ಸಕ್ಕರೆ ಕಾಯಿಲೆಯವರು ಒಂದು ಸಣ್ಣ ಹಿಡಿ ಹಸಿ ದ್ರಾಕ್ಷಿಗೆ ನಿಲ್ಲಿಸಬೇಕು, ಜ್ಯೂಸ್ ಬೇಡ.

ಹಣ್ಣಿನ ಮೇಲಿನ ಬೆಳ್ಳನೆ ಪುಡಿ ಕಂಡು ಔಷಧಿ ಎಂದು ಹೆದರುವವರಿದ್ದಾರೆ. ಬಹುಪಾಲು ಅದು ಹಣ್ಣೇ ಬಿಡುವ ಮೇಣ. ಆದರೆ ಬೂದಿರೋಗಕ್ಕೆ ಔಷಧಿ ಹೊಡೆಯುವುದೂ ನಿಜವೇ, ಆದ್ದರಿಂದ ಹರಿಯುವ ನೀರಿನಲ್ಲಿ ಗೊಂಚಲು ಬಿಡಿಸಿ ಉಜ್ಜಿ ತೊಳೆಯಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ಇಡೀ ಹಣ್ಣು ಕೊಡಬೇಡಿ: ನುಣುಪಾದ ಗುಂಡು ಗಂಟಲಿಗೆ ಬಿರಡೆಯಂತೆ ಕೂತು ಉಸಿರು ಕಟ್ಟಬಹುದು. ಉದ್ದುದ್ದ ಸೀಳಿ ನಾಲ್ಕು ಹೋಳು ಮಾಡಿ ಕೊಡಿ.